ಯಾವ ನಿಯಮಕ್ಕೂ ಒಪ್ಪದ ಕೌಶಲ್
ಕೋಟೇಶ್ವರದಲ್ಲಿ ಅಪ್ಪನ ಹೋಟೆಲು ನೋಡಿಕೊಳ್ಳುವ ಕೌಶಲ್‌ನಷ್ಟು ತಕರಾರಿನ ಮನುಷ್ಯನನ್ನು ನಾನು ಕಂಡಿಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಹೋಟೆಲಿನ ಮಾಳಿಗೆಯಲ್ಲಿ ಅವನು ಕಥೆ ಹೇಳುತ್ತಾನೆ. ರಂಜನ್, ಪ್ರಜ್ಞಾ ಮತ್ತು ನಾನು ಅದರೊಳಗಿನ ಪಾತ್ರಗಳಾಗಿ ದಾಳ ಹಾಕಿ ಆಡುತ್ತೇವೆ. ಈ ಸಲ ಕಡಲ್ಗಳ್ಳರ ಕಥೆ. ಹಡಗಿನ ನಕ್ಷೆ ಬರೆದು ಎರಡು ತಿಂಗಳಾದರೂ ಯಾವ ನಿಯಮಪುಸ್ತಕದಂತೆ ಆಡುವುದೆಂದು ತೀರ್ಮಾನವಾಗಲಿಲ್ಲ. ಒಂದರಲ್ಲಿ ಕತ್ತಿವರಸೆ ಮುಗಿಯುವಷ್ಟರಲ್ಲಿ ಚಹಾ ಎರಡು ಸಲ ಆರುತ್ತದಂತೆ, ಇನ್ನೊಂದರಲ್ಲಿ ಗಾಳಿಗೆ ಬೆಲೆಯೇ ಇಲ್ಲವಂತೆ. ಪುಟ ತಿರುಗಿಸುತ್ತಾ ಒಂದು ಕಡೆ ನಿಲ್ಲುತ್ತಾನೆ, "ಇದ್ ಆತಿಲ್ಲೆ" ಎಂದು ಮುಚ್ಚಿಬಿಡುತ್ತಾನೆ. ಕಳೆದ ವಾರ ಏಳನೆಯ ಪುಸ್ತಕ ಮುಚ್ಚಿದಾಗ ರಂಜನ್ ಎದ್ದು ಬಾಗಿಲಿಗೆ ನಡೆದ. "ನಿಂಗೆ ಆಡುಕೆ ಮನ್ಸಿಲ್ಲೆ. ನಾ ಹೋತೆ." ಪ್ರಜ್ಞಾ ಪುಸ್ತಕ ಎಳೆದುಕೊಂಡು ಕೌಶಲ್ ಓದು ನಿಲ್ಲಿಸಿದ್ದ ಪುಟವನ್ನೇ ತೆರೆದಳು. ನೀರಿಗೆ ಬಿದ್ದವನು ಒಂದೇ ಸಲ ದಾಳ ಹಾಕಬೇಕು, ತಪ್ಪಿದರೆ ಸತ್ತ ಎಂದು ಅಲ್ಲಿತ್ತು. ಅವಳ ಅಣ್ಣ ಗಂಗೊಳ್ಳಿಯ ಅಳಿವೆಯಲ್ಲಿ ದೋಣಿ ಮಗುಚಿ ತೀರಿಕೊಂಡು ವರ್ಷ ತುಂಬಿರಲಿಲ್ಲ. "ಏಳ್ ಪುಸ್ತಕನೂ ನನ್ ಸಲುವಾಯಿಯಾ ಬ್ಯಾಡ ಅಂದದ್ದ್?" ಎಂದು ಕೇಳಿದಳು. ಕೌಶಲ್ ತಲೆ ತಗ್ಗಿಸಿದ. ಅವಳು ಪೆನ್ನಿನಿಂದ ಆ ಸಾಲನ್ನು ಹೊಡೆದುಹಾಕಿ, ಪಕ್ಕದಲ್ಲಿ ಬರೆದು, ಗಟ್ಟಿಯಾಗಿ ಓದಿದಳು: "ನೀರಿಗೆ ಬಿದ್ದವನಿಗಾಗಿ ಹಡಗಿನಲ್ಲಿರುವ ಪ್ರತಿಯೊಬ್ಬರೂ ಒಂದೊಂದು ಸಲ ದಾಳ ಹಾಕಬೇಕು." ಆಮೇಲೆ ಬಾಗಿಲಲ್ಲಿ ನಿಂತಿದ್ದ ರಂಜನ್‌ನ ಕೈಗೂ ಒಂದು ದಾಳ ಕೊಟ್ಟಳು.