ಪ್ಯಾಟಿಯಾಕಿಯ ಗಂಟು

ಇವತ್ತು ಹಿತ್ತಲ ಬಾಗಿಲು ತೆರೆದದ್ದೇ ತಡ, ಒಣಗಿಸುವ ಮುನ್ನ ದ್ರಾಕ್ಷಿ ಅದ್ದುವ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ತಿಕೋಟಾದ ನಮ್ಮ ಮನೆಯಲ್ಲಿ ಒಣದ್ರಾಕ್ಷಿಯ ಹಂಗಾಮು ಶುರುವಾಗುವುದು ಹೀಗೆ. ನನಗೆ ಮಾತ್ರ ನನ್ನ ಹಳೆಯ ಹಟ ನೆನಪಾಗುತ್ತದೆ.

ಈ ಮನೆಯಲ್ಲಿ ಸೊಸೆಯಂದಿರನ್ನು ತವರೂರಿನಿಂದಲೇ ಕರೆಯುತ್ತಾರೆ. ಅತ್ತೆ ಬಬಲೇಶ್ವರದಾಕಿ, ಭಾವನ ಹೆಂಡತಿ, ನನ್ನ ನೆಗೆಣ್ಣಿ, ಬಿಜ್ಜರಗಿಯಾಕಿ. ಅಡುಗೆಮನೆಯೋ ಬಸ್ ನಿಲ್ದಾಣವೋ ಅನ್ನಬೇಕು ನೀವು! ನಾನು ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯವಳು, ಕಾನ್ವೆಂಟಿನಲ್ಲಿ ಓದಿದವಳು. ನನಗೆ ಊರೂ ಸಿಗಲಿಲ್ಲ, ಬರೀ ‘ಪ್ಯಾಟಿಯಾಕಿ’. ‘ಇಕಿಗೇನ ತಿಳೀತೈತಿ’ ಎಂಬುದು ಅದರೊಳಗೇ ಇರುತ್ತಿತ್ತು.

ಮದುವೆಯಾದ ಹೊಸದರಲ್ಲಿ ಒಣಗಿಸುವ ಶೆಡ್ಡಿಗೆ ಚಹಾ ಒಯ್ದುಕೊಟ್ಟು ನಾನು ಹಿಂದಿರುಗಬೇಕಿತ್ತು. ಕೆಲಸ ಕಲಿಯುವ ಹಟಕ್ಕೆ ಹಿಂದಿರುಗುತ್ತಿರಲಿಲ್ಲ.

“ಒಳಗ ನಡಿ, ಪ್ಯಾಟಿಯಾಕಿ. ಕೈಗೆ ಎಣ್ಣಿ ಹತ್ತತೈತಿ,” ಎನ್ನುತ್ತಿದ್ದರು ಅತ್ತೆ.

“ಹತ್ಲಿ ಬಿಡ್ರಿ ಅತ್ತಿ, ತೊಳಕೋತೀನಿ.”

“ಸೀರಿ ನೆರಿಗಿ ಕೆಟ್ಟೀತ ಬೇ!” ಎಂದು ನೆಗೆಣ್ಣಿ ನಗುತ್ತಿದ್ದಳು.

ನಗುವಂತೆಯೇ ಇದ್ದೆ ಬಿಡಿ. ನೆರಿಗೆಗೆ ಪಿನ್ನು, ಸೆರಗಿಗೆ ಪಿನ್ನು, ಶಾಲೆಯ ಪ್ರಾರ್ಥನೆಗೆ ನಿಂತವಳ ಹಾಗೆ. ಕೊನೆಗೊಂದು ದಿನ ಪಿನ್ನುಗಳನ್ನೆಲ್ಲ ಡಬ್ಬಿಗೆ ಹಾಕಿ, ಸೆರಗು ಸಿಗಿಸಿ ಹೋದೆ. ಆಗಲೂ ಚಹಾದ ಕೆಲಸವೇ.

ಒಂದು ಮಧ್ಯಾಹ್ನ, ಗಂಡಸರು ತೋಟದಲ್ಲಿದ್ದಾಗ, ಗಾಳಿ ಎದ್ದು ಮೋಡ ಕವಿಯಿತು. ಬಲೆಯ ಮೇಲೆ ಹರಡಿದ ದ್ರಾಕ್ಷಿಗೆ ಮಳೆ ತಾಗಿದರೆ ಕಪ್ಪಾಗಿ ಕೆಡುತ್ತದೆ. ವರ್ಷದ ದುಡಿಮೆಯೆಲ್ಲ ಅಲ್ಲೇ ಮಲಗಿತ್ತು. ಶೆಡ್ಡಿನ ಬದಿಗೆ ಮಳೆ ತಡೆಯಲು ಕಟ್ಟಿದ್ದ ತಾಡಪತ್ರಿ ಹಗ್ಗ ಕಿತ್ತುಕೊಂಡು ಹಾರಾಡುತ್ತಿತ್ತು. ನಾನು ಕಬ್ಬಿಣದ ಕಂಬ ಹತ್ತಿಬಿಟ್ಟೆ.

“ಇಳಿ ಬೇ, ಬೀಳ್ತಿ!” ಅತ್ತೆ ಚೀರಿದರು.

“ಗಂಟ ಬಿಗಿಯೋತನಕ ಇಳಿಯಂಗಿಲ್ರಿ!”

ಶಾಲೆಯಲ್ಲಿ ಗೈಡ್ಸ್ ತರಗತಿಯಲ್ಲಿ ಕಲಿತ ಗಂಟು ಅದು. ಯಾವತ್ತಾದರೂ ಉಪಯೋಗಕ್ಕೆ ಬಂದೀತೆಂದು ನಾನೂ ಅಂದುಕೊಂಡಿರಲಿಲ್ಲ. ಮಳೆ ನಿಂತ ಮೇಲೆ ಅತ್ತೆ ಹಗ್ಗವನ್ನು ಜಗ್ಗಿ ನೋಡಿದರು, ಮತ್ತೊಮ್ಮೆ ಜಗ್ಗಿದರು. ಗಂಟು ಸಡಿಲವಾಗಲಿಲ್ಲ. ಅಂದಿನಿಂದ ಮೋಡ ಕಂಡರೆ ಸಾಕು, “ಪ್ಯಾಟಿಯಾಕಿನ್ನ ಕರೀರಿ” ಎಂಬ ಕೂಗು.

ಇವತ್ತು ನೆಗೆಣ್ಣಿಯ ಹೊಸ ಸೊಸೆ ಚಹಾದ ತಟ್ಟೆ ಹಿಡಿದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಸಿಂದಗಿಯಾಕಿ; ತೊಗರಿ ಗೊತ್ತು, ದ್ರಾಕ್ಷಿ ಗೊತ್ತಿಲ್ಲ. ‘ಒಳಗ ನಡಿ’ ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು! ನುಂಗಿಕೊಂಡೆ. ತಟ್ಟೆ ಇಸಿದುಕೊಂಡು ಕೆಳಗಿಟ್ಟೆ.

“ಸಿಂದಗಿಯಾಕಿ, ಸೆರಗ ಸಿಗಿಸ್ಕೊ. ಮೊದಲ ಗಂಟ ಕಲಿಸ್ತೀನಿ, ಬಾ.”