ಫಲಾಹಾರ ಸಿಹಿ ಅಲ್ಲವಂತೆ

ಪಕ್ಕದ ಮನೆಯ ಅಜ್ಜಿ ಒಬ್ಬಟ್ಟು ತಂದದ್ದು ಯುಗಾದಿಯ ದಿನ, ಅಥವಾ ಅದರ ಮರುದಿನ ಇರಬಹುದು. ಒಬ್ಬಟ್ಟು ತಣ್ಣಗಿತ್ತು ಎಂದು ನೆನಪು. ಹಬ್ಬದ ದಿನವೇ ಆಗಿದ್ದರೆ ಬಿಸಿ ಇರಬೇಕಿತ್ತು. ಆದರೆ ತುಪ್ಪ ಕರಗಿ ಬಾಳೆಎಲೆಯ ಚೂರಿನ ಮೇಲೆ ಹರಿಯುತ್ತಿದ್ದದ್ದೂ ನೆನಪಿದೆ. ಎರಡೂ ಒಟ್ಟಿಗೆ ನಿಜವಾಗಲಾರವು. ಅಮ್ಮನನ್ನು ಕೇಳಿದರೆ, "ಆ ವರ್ಷ ಅಜ್ಜಿ ಒಬ್ಬಟ್ಟೇ ಮಾಡಿರಲಿಲ್ಲ, ಕಣ್ಣಿನ ಆಪರೇಷನ್ ಆಗಿತ್ತಲ್ಲ" ಎನ್ನುತ್ತಾಳೆ. ಇರಲಿ. ಒಬ್ಬಟ್ಟನ್ನು ಮಾತ್ರ ನಾನು ಬಿಟ್ಟುಕೊಡಲಾರೆ.

ಆಗೆಲ್ಲ ಚಾಮರಾಜಪೇಟೆಯ ನಮ್ಮ ವಠಾರದಲ್ಲಿ ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಕೇಳಬೇಕಾಗಿರಲಿಲ್ಲ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಲೇ ನಾವು ಮಕ್ಕಳು ಹೇಳಿಬಿಡುತ್ತಿದ್ದೆವು: ಆ ಮನೆಯಲ್ಲಿ ಹುಳಿ, ಈ ಮನೆಯಲ್ಲಿ ಮೆಂತ್ಯದ ದೋಸೆ. ವಠಾರಕ್ಕೆಲ್ಲ ಕ್ರೈಸ್ತರ ಮನೆ ನಮ್ಮದೊಂದೇ. ಪಕ್ಕದ ಮನೆಯ ವಿಶಾಲಜ್ಜಿಗೂ ನಮಗೂ ನಡುವೆ ಒಂದು ಗೋಡೆ, ಅದೂ ತೆಳುವಾದದ್ದು. ಅಪ್ಪ ಕೆಮ್ಮಿದರೆ ಅಜ್ಜಿ ಆ ಕಡೆಯಿಂದ, "ಶುಂಠಿ ಕಷಾಯ ಕುಡಿಯೋ ಚಿನ್ನಪ್ಪ" ಎಂದು ಕೂಗುತ್ತಿದ್ದರು.

ಅಪ್ಪನ ಕೆಮ್ಮಿಗೆ ಕಷಾಯ ಸಾಲುತ್ತಿರಲಿಲ್ಲ. ಅವರು ಉಪ್ಪಾರಪೇಟೆಯ ಲಾಡ್ಜೊಂದರಲ್ಲಿ ಕೌಂಟರಿನ ಹಿಂದೆ ಕೂರುತ್ತಿದ್ದರು. ಎದುರು ಬಂದು ನಿಲ್ಲುವವರೆಲ್ಲ ಸಿಗರೇಟು ಹಚ್ಚಿಕೊಂಡವರೇ. ಅಪ್ಪನೂ ಅವರ ಜೊತೆ ಹಚ್ಚುತ್ತಿದ್ದರು. ಬಿಡದೆ ಇದ್ದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಪಾಸ್ಖಕ್ಕೆ, ಎಂದರೆ ಈಸ್ಟರಿಗೆ, ಮುಂಚಿನ ತಪಸ್ಸುಕಾಲ ಶುರುವಾಗುವುದು ಬೂದಿ ಬುಧವಾರ. ಆ ವರ್ಷ ಆ ದಿನ ಹಣೆಯ ಮೇಲೆ ಬೂದಿಯ ಶಿಲುಬೆ ಹಾಕಿಸಿಕೊಂಡು ಚರ್ಚಿನಿಂದ ಹೊರಗೆ ಬರುವಾಗ ಅಪ್ಪ ನನ್ನ ಕೈ ಹಿಡಿದು ಹೇಳಿದರು:

"ಲಿಲ್ಲಿ, ಪಾಸ್ಖ ಹಬ್ಬದವರೆಗೂ ನಾನು ಸಿಗರೇಟು ಮುಟ್ಟಲ್ಲ. ಆದ್ರೆ ಒಬ್ನೇ ಆದ್ರೆ ಆಗಲ್ಲ ಕಣೇ. ನೀನೂ ಏನಾದ್ರೂ ಬಿಡು."

"ಹಾಗಲಕಾಯಿ ಬಿಡ್ಲಾ?"

"ಕಳ್ಳಿ. ಸಿಹಿ ಬಿಡು. ಇಬ್ಬರಲ್ಲಿ ಒಬ್ರು ಮುರಿದ್ರೂ ಇಬ್ರದೂ ಮುರಿದ ಹಾಗೆ."

ನನಗೆ ಆಗ ಎಂಟೋ ಒಂಬತ್ತೋ. ಒಪ್ಪಿಕೊಂಡೆ. ನಾನು ತಿಂದರೆ ಅಪ್ಪ ಸೇದುತ್ತಾರೆ, ಅಪ್ಪ ಸೇದಿದರೆ ಎದೆ ಹೋಗುತ್ತದೆ: ಲೆಕ್ಕ ಅಷ್ಟು ಸರಳವಾಗಿತ್ತು. ತಪಸ್ಸುಕಾಲ ಎಂಬುದು ಅದುವರೆಗೂ ನನಗೆ ಶುಕ್ರವಾರ ಮಾಂಸವಿಲ್ಲದ ಊಟ ಮತ್ತು ಮಂಡಿ ನೋಯುವ ಶಿಲುಬೆ ಹಾದಿಯ ಪ್ರಾರ್ಥನೆ, ಅಷ್ಟೇ.

ಯುಗಾದಿ ಬಂತು. ಅಜ್ಜಿ ಬಾಳೆಎಲೆಯ ಮೇಲೆ ಒಬ್ಬಟ್ಟು ಇಟ್ಟು ಹೊಸ್ತಿಲಿಗೇ ತಂದರು.

"ಬೇಡ ಅಜ್ಜಿ. ವ್ರತದಲ್ಲಿದೀನಿ."

"ನಿಮ್ಮಲ್ಲೂ ವ್ರತ ಇದ್ಯಾ? ಎಲ್ಲೀವರ್ಗೂ?"

"ಪಾಸ್ಖ ಹಬ್ಬದವರೆಗೂ."

"ಅಯ್ಯೋ ರಾಮ! ಮೊದಲೇ ಹೇಳಬಾರದೇನೇ ಹುಡುಗಿ? ವ್ರತ ಹಿಡಿದಿರೋ ಮಗೂಗೆ ಬೇಳೆ ಹೂರಣ ತಿನ್ನಿಸಿ ಪಾಪ ಕಟ್ಕೋತಿದ್ನಲ್ಲ!"

ಒಬ್ಬಟ್ಟು ವಾಪಸು ಹೋಯಿತು. ನಾನು ಗೆದ್ದೆ ಅಂದುಕೊಂಡೆ.

ಮುಂದಿನ ಶುಕ್ರವಾರ ಸ್ಕೂಲಿನಿಂದ ಬಂದರೆ ನಮ್ಮ ಕಿಟಕಿಯಲ್ಲಿ ಮುಚ್ಚಿಟ್ಟ ಬಟ್ಟಲು. ತೆಗೆದೆ. ಬಾಳೆಹಣ್ಣಿನ ರಸಾಯನ, ಮೇಲೆ ಏಲಕ್ಕಿ. ಅಮ್ಮ ಅದನ್ನು ಪಕ್ಕಕ್ಕಿಟ್ಟಳು. ಇನ್ನೊಂದು ದಿನ ಬೆಲ್ಲದ ಅವಲಕ್ಕಿ, ಒದ್ದೆ ಕಾಯಿತುರಿಯ ವಾಸನೆ ಅಂಗಳದವರೆಗೆ ಬರುತ್ತಿತ್ತು. ಅಜ್ಜಿಯ ಲೆಕ್ಕದಲ್ಲಿ ಉಪವಾಸ ಎಂದರೆ ಅನ್ನ ಬೇಳೆ ಬಿಡುವುದು, ಹಾಲು ಹಣ್ಣು ಬೆಲ್ಲ ಅವಲಕ್ಕಿ ತಿನ್ನುವುದು. ನನ್ನ ವ್ರತವನ್ನು ಕಾಪಾಡಲೆಂದೇ ಅವರು ಅದನ್ನೆಲ್ಲ ಮಾಡುತ್ತಿದ್ದರು.

"ಅಜ್ಜಿ, ನಾನು ಸಿಹಿ ತಿನ್ನಲ್ಲ."

"ಇದು ಸಿಹಿ ಅಂತ ಯಾರಂದ್ರು? ಇದು ಫಲಾಹಾರ. ವ್ರತದವರಿಗೆ ಅಂತ್ಲೇ ಇರೋದು."

ಧರ್ಮೋಪದೇಶದ ಕ್ಲಾಸಿನಲ್ಲಿ ಶೋಧನೆಯ ಬಗ್ಗೆ, ಎಂದರೆ ಸೈತಾನ ಆಸೆ ತೋರಿಸಿ ಪರೀಕ್ಷಿಸುವುದರ ಬಗ್ಗೆ, ಕೇಳಿದಾಗ ನಾನು ಕೊಂಬು ಬಾಲ ಇರುವವನನ್ನು ಕಲ್ಪಿಸಿಕೊಂಡಿದ್ದೆ. ಅದು ಇಷ್ಟು ನ್ಯಾಯವಾದ ಮಾತಾಗಿ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಜ್ಜಿಯದೇನೂ ತಪ್ಪಿರಲಿಲ್ಲ, ಆ ಮಾತು ಕೇಳಿ ನೀರೂರಿದ್ದು ನನ್ನ ಬಾಯಲ್ಲಿ. ಬಟ್ಟಲು ಹಿಡಿದುಕೊಂಡೇ ಅಪ್ಪನ ಹತ್ತಿರ ಹೋದೆ. ಅವರು ಡ್ಯೂಟಿ ಮುಗಿಸಿ ಬಂದು ಬಾಗಿಲಲ್ಲಿ ಕೂತಿದ್ದರು.

"ಅಪ್ಪಾ, ಫಲಾಹಾರ ಸಿಹಿ ಅಲ್ವಂತೆ. ಅಜ್ಜಿ ಹೇಳಿದ್ರು. ತಿನ್ಲಾ?"

ಅಪ್ಪ ಬಟ್ಟಲು ನೋಡಿದರು. "ಅಜ್ಜಿ ಹೇಳಿದ್ಮೇಲೆ ಸರಿಯಾಗೇ ಇರುತ್ತೆ. ಹಂಗ್ ನೋಡಿದ್ರೆ ಬೀಡಿನೂ ಸಿಗರೇಟಲ್ಲ."

ನಕ್ಕರು. ನಾನು ನಗಲಿಲ್ಲ. ಅವರ ಬೆರಳುಗಳು ಖಾಲಿ ಜೇಬನ್ನು ತಡವುತ್ತಿದ್ದವು.

"ತಮಾಷೆಗಂದೆ ಕಣೇ."

"ಇಲ್ಲ. ನೀವು ತಮಾಷೆಗಂದಿಲ್ಲ."

ಅಪ್ಪ ಜೇಬಿನಿಂದ ಕೈ ತೆಗೆದರು. ಆಮೇಲೆ, "ಹ್ಞೂಂ. ಇವತ್ತು ಕಷ್ಟ ಆಗ್ತಿದೆ ಲಿಲ್ಲಿ" ಎಂದರು. ದೊಡ್ಡವರು ಮಕ್ಕಳ ಹತ್ತಿರ ಹಾಗೆ ಹೇಳುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ಬಾ, ಇಬ್ರೂ ಒಂದು ಪರಲೋಕ ಮಂತ್ರ ಹೇಳೋಣ."

ಬಟ್ಟಲು ನಮ್ಮಿಬ್ಬರ ನಡುವೆ ಇತ್ತು. ಶೋಧನೆಯಿಂದ ನಮ್ಮನ್ನು ಕಾಯಲು ಬೇಡುವ ಸಾಲು ಬಂದಾಗ ನನ್ನ ದನಿ ಜೋರಾಯಿತು, ಬೆಲ್ಲದ ವಾಸನೆಯನ್ನು ಮೀರಬೇಕೆಂಬಂತೆ. ಆಸೆ ಹೋಯಿತೇ? ಹೋಗಲಿಲ್ಲ. ಆದರೆ ಅದು ಇನ್ನು ಅಪ್ಪಣೆ ಕೇಳುತ್ತಿರಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತಿತ್ತು.

ಬಟ್ಟಲನ್ನು ನಾನೇ ಅಜ್ಜಿಗೆ ಹಿಂತಿರುಗಿಸಿದೆ. "ನಂದು ಸಿಹಿ ಬಿಡೋ ವ್ರತ ಅಜ್ಜಿ. ಬೆಲ್ಲನೂ ಇಲ್ಲ. ನಾನು ತಿಂದ್ರೆ ಅಪ್ಪನೂ ಸಿಗರೇಟು ಸೇದ್ತಾರೆ."

ಅಜ್ಜಿ ನನ್ನನ್ನೇ ನೋಡಿದರು. "ಅದಕ್ಕೇನೇ ಇಷ್ಟು ಒಣಗಿರೋದು ನೀನು? ಚಿನ್ನಪ್ಪ ಬಿಟ್ಟಿದಾನಾ? ನಿಜವಾಗ್ಲೂ?"

ಅಂದಿನಿಂದ ನನಗೆ ಬರುತ್ತಿದ್ದದ್ದು ಒಗ್ಗರಣೆ ಅವಲಕ್ಕಿ. ರಾಮನವಮಿಗೆ ಕೋಸಂಬರಿ, ನೀರುಮಜ್ಜಿಗೆ ಕೊಟ್ಟು, ಪಾನಕದ ಪಾತ್ರೆಯನ್ನು ನಾನಿರುವವರೆಗೂ ಮುಚ್ಚಿಟ್ಟರು. ಅಪ್ಪನಿಗೆ ಮಾತ್ರ ಜಗಲಿಯ ಮೇಲೊಂದು ಠಾಣೆಯೇ ಶುರುವಾಯಿತು.

"ಏನಪ್ಪಾ ಚಿನ್ನಪ್ಪ, ಅಂಗಡಿ ಕಡೆ ಯಾಕೆ?"

"ಬೆಂಕಿಪೊಟ್ಟಣಕ್ಕೆ ಅಜ್ಜಿ. ಮನೇಗೆ."

"ಬೆಂಕಿಪೊಟ್ಟಣ ನಮ್ಮನೇಲಿದೆ. ತಗೊಂಡು ಒಳಗೆ ನಡಿ."

ವಠಾರವೆಲ್ಲ ನಕ್ಕಿತ್ತು, ಅಪ್ಪನೂ.

ಪಾಸ್ಖದ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದಾಗ ಅಜ್ಜಿ ಸಜ್ಜಿಗೆ ಮಾಡಿ ಕಾಯುತ್ತಿದ್ದರು. ಮೊದಲ ತುತ್ತು ಅತಿಯಾಗಿ ಸಿಹಿ ಅನಿಸಿ ಅರ್ಧ ಬಿಟ್ಟೆ. ಅದನ್ನು ಅಪ್ಪ ತಿಂದರು. ಇದರಲ್ಲಿ ನನಗೆ ಅನುಮಾನವಿಲ್ಲ.

ಈಗ ವಠಾರವೂ ಇಲ್ಲ, ವಿಶಾಲಜ್ಜಿಯೂ ಇಲ್ಲ. ಅಪ್ಪ ಹೋಗಿ ಬಹಳ ವರ್ಷಗಳಾದವು. ನಾನು ಈಗಲೂ ಪ್ರತಿ ತಪಸ್ಸುಕಾಲದಲ್ಲಿ ಏನಾದರೊಂದು ಬಿಡುತ್ತೇನೆ. ಈ ಸಲ ಮೊಬೈಲಿನಲ್ಲಿ ಸುಮ್ಮನೆ ವಿಡಿಯೋ ನೋಡುವುದನ್ನು. ಬಿಡುವುದು ಆಗಿನಷ್ಟು ಕಷ್ಟವಲ್ಲ. ಫ್ಲ್ಯಾಟಿನ ಗೋಡೆಯ ಆಚೆ ಇರುವವರಿಗೆ ನನ್ನ ವ್ರತ ಗೊತ್ತಿಲ್ಲ. ತಪ್ಪು ತಿಳಿದುಕೊಂಡು ಬಟ್ಟಲು ತರುವವರಿಲ್ಲ, ನಾನು ಮುರಿದರೆ ಜೊತೆಗೆ ಮುರಿಯುವವರೂ ಇಲ್ಲ. ದೇವರು ಮತ್ತು ನಾನು, ಇಬ್ಬರೇ. ಅದು ಸಾಕು ಎನ್ನಬೇಕು, ಎನ್ನುತ್ತೇನೆ.

ಮೊನ್ನೆ ಅಮ್ಮ ಒಂದು ಮಾತು ಹೇಳಿದಳು. ಆ ದಿನಗಳಲ್ಲಿ ಅಪ್ಪ ಲಾಡ್ಜಿನಿಂದ ಬರುವಾಗ ಲವಂಗ ಅಗಿಯುತ್ತಾ ಬರುತ್ತಿದ್ದರಂತೆ. "ಆಸೆ ತಡೆಯೋಕೆ" ಎಂದೆ ನಾನು. "ವಾಸನೆ ಮುಚ್ಚೋಕೂ ಆಗುತ್ತೆ" ಎಂದು ಅಮ್ಮ ನಕ್ಕಳು. ಅಪ್ಪ ಇದ್ದಾಗ ನಾನು ಕೇಳಲಿಲ್ಲ. ಆ ತಪಸ್ಸುಕಾಲದ ವ್ರತವನ್ನು ಅವರು ಕೊನೆಯವರೆಗೂ ಹಿಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ.