ಅಡಿ ಸೀದ ಕೇಕು

ನನ್ನ ಮಾವನ, ಅಂದರೆ ಹೆಂಡತಿಯ ತಂದೆಯ, ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಚಾಮರಾಜಪೇಟೆಯ ನಮ್ಮ ಬೇಕರಿಯ ಸೌದೆ ಒಲೆ ಎಲ್ಲವನ್ನೂ ಸುಟ್ಟು ನುಣ್ಣಗೆ ಮಾಡಿತ್ತು. ಭಾನುವಾರ ಚರ್ಚ್‌ನಲ್ಲಿ ಅವರು ಕೈಜೋಡಿಸಿ ನಿಂತರೆ ಹಳೆಯ ಸುಟ್ಟ ಕಲೆಗಳೆಲ್ಲ ಕಾಣುತ್ತಿದ್ದವು.

ಕ್ರಿಸ್‌ಮಸ್ ವಾರ ಬಂತೆಂದರೆ ಬೀದಿಯ ಹೆಂಗಸರು ಮನೆಯಲ್ಲಿ ಕಲಸಿದ ಕೇಕಿನ ಹಿಟ್ಟನ್ನು ಟ್ರೇಗೆ ಸುರಿದು, ಬೇಯಿಸಿಕೊಳ್ಳಲು ನಮ್ಮಲ್ಲಿಗೆ ತರುತ್ತಿದ್ದರು. "ಒಲೆ ಬಿಸಿ ಇದೆ, ಇಟ್ಟು ಹೋಗಮ್ಮಾ" ಅನ್ನುವರು ಮಾವ. ಕೂಲಿ ಮುಟ್ಟುತ್ತಿರಲಿಲ್ಲ. ಅತ್ತ ನಮ್ಮ ಪ್ಲಮ್ ಕೇಕಿನ ಆರ್ಡರ್‌ಗಳು ಕಾಯುತ್ತಿದ್ದವು. ನನಗೋ ಮೈಯೆಲ್ಲ ಉರಿ.

"ಮಾವ, ವ್ಯಾಪಾರ ಆಗೋದೇ ಈ ವಾರ. ನಾವೇನು ಧರ್ಮಛತ್ರ ಇಟ್ಟಿದೀವಾ?"

"ವ್ಯಾಪಾರ ಮಾಡಪ್ಪ, ಬೇಡ ಅಂದೋರ್ಯಾರು? ಹಬ್ಬ ಯಾರ್ದು ಅನ್ನೋದು ಮಾತ್ರ ಮರೀಬೇಡ" ಎಂದು ನಕ್ಕುಬಿಡುತ್ತಿದ್ದರು.

ಕೊನೆಯ ವರ್ಷ ಅವರು ಎದೆನೋವೆಂದು ಮಹಡಿಯ ಮನೆಯಲ್ಲಿ ಮಲಗಿದ್ದರು. ಗಲ್ಲಾದಲ್ಲಿ ನಾನು. ನನ್ನ ಹೆಂಡತಿಗೆ ಸಂಡೇ ಸ್ಕೂಲಿನಲ್ಲಿ ಕಲಿಸಿದ್ದ ವಯಸ್ಸಾದ ಟೀಚರಮ್ಮ ಒದ್ದೆ ಬಟ್ಟೆ ಮುಚ್ಚಿದ ಟ್ರೇ ಹಿಡಿದು ಬಂದರು.

"ಈ ಸಲ ಜಾಗ ಇಲ್ಲ ಆಂಟಿ, ಆರ್ಡರ್ ಜಾಸ್ತಿ" ಎಂದೆ.

"ಪರ್ವಾಗಿಲ್ಲಪ್ಪ" ಎಂದು ಹಾಗೇ ತಿರುಗಿ ಹೋದರು.

ಸಂಜೆ ಮಾವ ಕೇಳಿದರು, "ಟೀಚರಮ್ಮ ಬಂದಿದ್ರಾ?"

"ಬಂದಿದ್ರು, ಬೇಯಿಸ್ಕೊಟ್ಟೆ." ಅಬ್ಬಾ, ಎಷ್ಟು ಸಲೀಸಾಗಿ ಬಂತು ಆ ಸುಳ್ಳು!

"ಒಳ್ಳೇದಾಯ್ತಪ್ಪ, ಕರ್ತನಿಗೆ ಸ್ತೋತ್ರ" ಎಂದು ಅವರು ನೆಮ್ಮದಿಯಿಂದ ಮಗ್ಗುಲು ಬದಲಿಸಿದರು.

ಹಬ್ಬದ ಬೆಳಿಗ್ಗೆ ಮಾವ ಹಟ ಹಿಡಿದು ನನ್ನ ತೋಳು ಆತುಕೊಂಡು ಚರ್ಚ್‌ಗೆ ಬಂದರು. ಆರಾಧನೆ ಮುಗಿದಾಗ ಟೀಚರಮ್ಮ ಬಾಗಿಲಲ್ಲಿ ಡಬ್ಬಿ ಬಿಚ್ಚಿ ನಮ್ಮಿಬ್ಬರಿಗೂ ಒಂದೊಂದು ತುಂಡು ಕೊಟ್ಟರು.

"ಕುಕ್ಕರ್‌ನಲ್ಲಿ ಮಾಡ್ದೆ ಅಣ್ಣ, ಅಡಿ ಸೀದೋಯ್ತು. ಬೇಜಾರ್ ಮಾಡ್ಕೋಬೇಡಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ. ಮಾವ ನನ್ನತ್ತ ನೋಡಲಿಲ್ಲ. ಕರಕಲನ್ನೂ ಬಿಡದೆ ನಿಧಾನವಾಗಿ ಅಗಿದು ತಿಂದು, "ತಪ್ಪು ನಂದು ಟೀಚರಮ್ಮ, ಕ್ಷಮಿಸ್ಬಿಡಿ" ಎಂದರು.

ಮನೆಗೆ ಬಂದಮೇಲೂ ಆ ಮಾತು ಎತ್ತಲಿಲ್ಲ. ನಾಲ್ಕು ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಈಸ್ಟರ್‌ಗೆ ಮುಂಚೆಯೇ ತೀರಿಕೊಂಡರು.

ಈಗ ವೈಯಾಲಿಕಾವಲ್‌ನಲ್ಲೂ ನಮ್ಮ ಅಂಗಡಿ ಇದೆ. "ಎಲ್ಲಾ ದೇವರ ಆಶೀರ್ವಾದ" ಎಂದು ಚರ್ಚ್‌ನಲ್ಲಿ ಜನ ಕೈಕುಲುಕುವಾಗ ತಲೆ ಎತ್ತಲಾಗುವುದಿಲ್ಲ. ಮನೆಯ ಟ್ರೇಗಳನ್ನು ಬೇಯಿಸಿಕೊಡುತ್ತೇವೆಂದು ಪ್ರತಿ ಡಿಸೆಂಬರಿನಲ್ಲೂ ಬೋರ್ಡ್ ಹಾಕುತ್ತೇನೆ. ಕೆಲವರು ಬರುತ್ತಾರೆ. ಟೀಚರಮ್ಮ ಬರುವುದಿಲ್ಲ. ಹಬ್ಬದ ದಿನ ಮಾತ್ರ ಚರ್ಚ್ ಬಾಗಿಲಲ್ಲಿ ನನ್ನನ್ನು ಕರೆದು ಕೈಗೊಂದು ತುಂಡು ಇಡುತ್ತಾರೆ. ಅಡಿ ಈಗಲೂ ಸೀದೇ ಇರುತ್ತದೆ. ಅವರೆದುರೇ ನಿಂತು, ಕರಕಲನ್ನೂ ಬಿಡದೆ ತಿನ್ನುತ್ತೇನೆ.